ಒದ್ದೆ ಕಂಕುಳು, ಒಣ ಕಂಕುಳು: ನರಮಂಡಲದ ಒಂದು ಪಾಠ

ನರ್ಸಿಂಗ್ ತರಗತಿಗಳಲ್ಲಿ ನರಮಂಡಲದ ಪಾಠವು ಸಾಮಾನ್ಯವಾಗಿ ಮೆದುಳಿನ ಚಿತ್ರದಿಂದ ಆರಂಭವಾಗುತ್ತದೆ. ಮೆದುಳಿನಿಂದ ಹೊರಡುವ 12 ಜೋಡಿ ನರಗಳನ್ನೂ ಬೆನ್ನುಹುರಿಯ 31 ಜೋಡಿ ನರಗಳನ್ನೂ ಎಣಿಸಿ ಮುಗಿಸಿ, ನಮ್ಮ ಇಚ್ಛೆಗೆ ಕಾಯದೆ ತಾನಾಗಿ ಕೆಲಸ ಮಾಡುವ ಸ್ವಾಯತ್ತ ನರಮಂಡಲಕ್ಕೆ ಬರುವ ಹೊತ್ತಿಗೆ ಹೇಳುವವರೂ ಕೇಳುವವರೂ ದಣಿದಿರುತ್ತಾರೆ. ಆದರೆ ಕಲಬುರಗಿ, ಯಾದಗಿರಿ ಕಡೆಯ ವಾರ್ಡುಗಳಲ್ಲಿ ಕೆಲಸ ಮಾಡಬೇಕಾದವರಿಗೆ ಮೊದಲು ಬೇಕಾಗುವುದು ಆ ಕೊನೆಯ ಭಾಗವೇ. ಅದನ್ನು ಕಲಿಯಲು ಇಲ್ಲಿ ಒಳ್ಳೆಯ ದಾರಿಯೊಂದಿದೆ: ಬೆವರು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿರುವಾಗ ಚರ್ಮದ ರಕ್ತನಾಳಗಳು ಎಷ್ಟು ಹಿಗ್ಗಿದರೂ ಶಾಖ ತಾನಾಗಿ ಹೊರಗೆ ಹೋಗದು. ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಮೈಮೇಲೆಯೇ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಈ ಕೆಲಸದ ಆಜ್ಞೆ ಹೊರಡುವುದು ಮೆದುಳಿನ ತಳದಲ್ಲಿರುವ, ಸುಮಾರು 4 ಗ್ರಾಂ ತೂಕದ ಹೈಪೋಥಲಾಮಸ್‌ನಿಂದ. ಅಲ್ಲಿಂದ ಸಂದೇಶವು ಮೆದುಳುಕಾಂಡದ ಮೂಲಕ ಬೆನ್ನುಹುರಿಗಿಳಿದು, ಎದೆಯ ಭಾಗದ ಮೊದಲ ಖಂಡದಿಂದ ಸೊಂಟದ ಎರಡನೆಯ ಖಂಡದವರೆಗೆ ಹರಡಿರುವ ನರಕೋಶಗಳನ್ನು ತಲುಪಿ, ಬೆನ್ನೆಲುಬಿನ ಇಕ್ಕೆಲಗಳಲ್ಲಿ ಮಣಿಸರದಂತೆ ಇಳಿದಿರುವ ನರಗಂಟುಗಳಲ್ಲಿ ಮತ್ತೊಂದು ನರಕೋಶಕ್ಕೆ ದಾಟಿ, ಕೊನೆಗೆ ಚರ್ಮದ ಬೆವರುಗ್ರಂಥಿಯನ್ನು ಮುಟ್ಟುತ್ತದೆ. ಇದು ಸ್ವಾಯತ್ತ ನರಮಂಡಲದ ಒಂದು ಕವಲಾದ ಸಿಂಪಥೆಟಿಕ್ ನರಗಳ ಮಾರ್ಗ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಸಿಂಪಥೆಟಿಕ್ ನರದ ತುದಿಯಲ್ಲಿ ನಾರ್‌ಅಡ್ರಿನಲಿನ್, ಇನ್ನೊಂದು ಕವಲಾದ ಪ್ಯಾರಾಸಿಂಪಥೆಟಿಕ್ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಸ್ರವಿಸುತ್ತದೆ ಎಂದು ಕಂಠಪಾಠ ಮಾಡಿದವರಿಗೆ ಬೆವರುಗ್ರಂಥಿ ಒಂದು ಅಪವಾದವಾಗಿ ಎದುರಾಗುತ್ತದೆ. ಅದನ್ನು ಮುಟ್ಟುವ ನರ ಸಿಂಪಥೆಟಿಕ್ ಆದರೂ ಅದು ಸ್ರವಿಸುವುದು ಅಸಿಟೈಲ್‌ಕೋಲಿನ್ ಅನ್ನು. ಹೆನ್ರಿ ಡೇಲ್ ಮತ್ತು ವಿಲ್ಹೆಲ್ಮ್ ಫೆಲ್ಡ್‌ಬರ್ಗ್ 1934ರಲ್ಲಿ ಬೆಕ್ಕಿನ ಪಾದದ ಬೆವರುಗ್ರಂಥಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ನರಗಳ ಸಂದೇಶ ರಾಸಾಯನಿಕವಾಗಿ ದಾಟುವ ಬಗೆಯನ್ನು ಬಿಡಿಸಿದ್ದಕ್ಕಾಗಿ ಡೇಲ್ ಅವರು ಆಟೋ ಲೋವಿ ಅವರೊಂದಿಗೆ 1936ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳುವ ಈ ಅಪವಾದವು ವಾರ್ಡಿನಲ್ಲಿ ಎಷ್ಟು ದೊಡ್ಡದು ಎಂಬುದು ತೊಗರಿ ಹೊಲದಿಂದ ರೋಗಿಯೊಬ್ಬರು ಬಂದಾಗ ಅರಿವಾಗುತ್ತದೆ.

ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಕಾಲಕ್ಕೆ ಕಾಯಿಕೊರಕ ಹುಳುವಿನ ಕಾಟ ಆರಂಭವಾಗುತ್ತದೆ. ಆಗ ರೈತರು ಬೆನ್ನಿಗೆ ಪಂಪು ಕಟ್ಟಿಕೊಂಡು, ಆಳೆತ್ತರದ ಬೆಳೆಯ ನಡುವೆ ನಡೆಯುತ್ತ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಎಣ್ಣಿ ಹೊಡೆಯುತ್ತಾರೆ’, ಅಂದರೆ ಕೀಟನಾಶಕ ಸಿಂಪಡಿಸುತ್ತಾರೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂತಹ ಕೀಟನಾಶಕಗಳು ಆರ್ಗನೊಫಾಸ್ಫೇಟ್ ಗುಂಪಿಗೆ ಸೇರಿದವು. ಇವು ಉಸಿರಿನಿಂದ ಮಾತ್ರವಲ್ಲ, ತೊಯ್ದ ಅಂಗಿಯಿಂದ ಚರ್ಮದ ಮೂಲಕವೂ ಒಳಸೇರುತ್ತವೆ.

ಅಸಿಟೈಲ್‌ಕೋಲಿನ್ ತನ್ನ ಸಂದೇಶ ಮುಟ್ಟಿಸಿದ ಕೂಡಲೇ ಅಳಿದುಹೋಗಬೇಕು. ಆ ಕೆಲಸ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು; ಅದರ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ. ಆರ್ಗನೊಫಾಸ್ಫೇಟ್ ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಬೆವರು ಸುರಿಯುತ್ತದೆ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಾಂತಿ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗುತ್ತದೆ, ನಾಡಿ ನಿಧಾನವಾಗಬಹುದು, ಶ್ವಾಸನಾಳಗಳಲ್ಲಿ ದ್ರವ ತುಂಬುತ್ತದೆ. ಇವೆಲ್ಲ ಗ್ರಂಥಿ, ಕರುಳು, ಹೃದಯ, ಕಣ್ಣುಗಳಲ್ಲಿ ಅಸಿಟೈಲ್‌ಕೋಲಿನ್‌ನ ಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳ ಕೂಗು. ಅದೇ ಸಂದೇಶ ಹಿಡಿಯುವ ಇನ್ನೊಂದು ಬಗೆಯ, ಸ್ನಾಯುಗಳಲ್ಲಿರುವ ನಿಕೋಟಿನಿಕ್ ಗ್ರಾಹಕಗಳ ಮೇಲೂ ಇದೇ ಹೊರೆ ಬಿದ್ದು, ಮೈಯ ಸ್ನಾಯುಗಳು ಅಲ್ಲಲ್ಲಿ ಮಿಡಿಯುತ್ತವೆ, ಅನಂತರ ಸೋಲುತ್ತವೆ.

ಬಿಸಿಲಿಗೆ ಬೆವರಿದವರ ಪಾಪೆ ಹೀಗೆ ಕುಗ್ಗಿರುವುದಿಲ್ಲ. ಆದುದರಿಂದ ಬೆವರಿಳಿಸಿಕೊಂಡು ಬಂದ ರೈತರ ಕಣ್ಣಿಗೆ ಟಾರ್ಚ್ ಹಿಡಿದು ನೋಡುವ ಆ ಹತ್ತು ಸೆಕೆಂಡು ಬಹಳ ಬೆಲೆಯುಳ್ಳದ್ದು. ವಿಷಬಾಧೆ ಎಂಬ ಶಂಕೆ ಬಂದರೆ ಉಸಿರಾಟ ನೋಡಿಕೊಳ್ಳುತ್ತಲೇ, ಕೈಗವಸು ಹಾಕಿಕೊಂಡು ಬಟ್ಟೆ ತೆಗೆಸಿ, ಕೂದಲನ್ನೂ ಸೇರಿಸಿ ಮೈಯನ್ನು ಸಾಬೂನು ನೀರಿನಿಂದ ತೊಳೆಯಬೇಕು. ಬಟ್ಟೆ ಮೈಮೇಲಿರುವಷ್ಟು ಕಾಲವೂ ವಿಷ ಒಳಸೇರುತ್ತಲೇ ಇರುತ್ತದೆ.

ವೈದ್ಯರು ಕೊಡಿಸುವ ಅಟ್ರೋಪಿನ್ ಎಂಬ ಔಷಧ ಮಸ್ಕರಿನಿಕ್ ಗ್ರಾಹಕಗಳ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅದು ಸಾಕಷ್ಟಾಗಿದೆಯೇ ಎಂದು ತಿಳಿಯಲು ಎದೆಯ ಗೊರಗೊರ ಸದ್ದು ಅಡಗಿದೆಯೇ, ನಾಡಿ ಮತ್ತು ರಕ್ತದೊತ್ತಡ ಏರಿವೆಯೇ ಎಂದು ನೋಡುವುದರ ಜೊತೆಗೆ, ಕಂಕುಳಿಗೆ ಕೈಹಾಕಿ ಒಣಗಿದೆಯೇ ಎಂದೂ ನೋಡುತ್ತೇವೆ. 1934ರ ಆ ಬೆಕ್ಕಿನ ಪಾದವನ್ನು ನಾನು ತರಗತಿಯಲ್ಲಿ ನೆನೆಯುವುದು ಇದೇ ಕಾರಣಕ್ಕೆ: ಬೆವರುಗ್ರಂಥಿ ನಾರ್‌ಅಡ್ರಿನಲಿನ್‌ಗೆ ಓಗೊಡುವಂಥದ್ದಾಗಿದ್ದರೆ ಅಟ್ರೋಪಿನ್ ಅದನ್ನು ಒಣಗಿಸುತ್ತಿರಲಿಲ್ಲ. ಇನ್ನು, ಕಂಕುಳು ಒಣಗಿದ ಮೇಲೂ ಔಷಧ ಹೆಚ್ಚಾದರೆ ಮೈ ಸುಡತೊಡಗುತ್ತದೆ, ರೋಗಿ ಬಡಬಡಿಸುತ್ತಾರೆ, ಮೂತ್ರ ಕಟ್ಟುತ್ತದೆ, ಹೊಟ್ಟೆಯ ಸದ್ದು ನಿಲ್ಲುತ್ತದೆ. ಬೆವರಿನ ದಾರಿಯನ್ನೇ ಮುಚ್ಚಿದಾಗ ಶಾಖ ಹೋಗುವುದಾದರೂ ಎಲ್ಲಿಗೆ? ಹೀಗೆ ಬಡಬಡಿಸುವುದನ್ನು ವಿಷದ್ದೇ ಲಕ್ಷಣವೆಂದು ತಿಳಿದು ಅಟ್ರೋಪಿನ್ ಮುಂದುವರಿಸಿದರೆ ಅಪಾಯ ಬೆಳೆಯುತ್ತದೆ.

ಅಟ್ರೋಪಿನ್‌ಗೆ ಸ್ನಾಯುಗಳ ನಿಕೋಟಿನಿಕ್ ಗ್ರಾಹಕಗಳ ಮೇಲೆ ಹಿಡಿತವಿಲ್ಲ ಎಂಬುದನ್ನು ಮರೆಯಬಾರದು. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ 1987ರಲ್ಲಿ ವರ್ಣಿಸಿದ ಒಂದು ಸ್ಥಿತಿಯಲ್ಲಿ, ವಿಷ ತಗುಲಿದ 24ರಿಂದ 96 ಗಂಟೆಗಳ ನಡುವೆ, ಚೇತರಿಸಿಕೊಂಡಂತೆ ಕಂಡ ರೋಗಿಯ ಕುತ್ತಿಗೆಯ ಸ್ನಾಯುಗಳು ಸೋಲುತ್ತವೆ, ಬೆನ್ನಲ್ಲೇ ಉಸಿರಾಟದ ಸ್ನಾಯುಗಳು. ಆ ಹೊತ್ತಿಗೆ ಬೆವರು ಆರಿರುತ್ತದೆ, ಪಾಪೆ ಸರಿಯಿರುತ್ತದೆ, ಮನೆಯವರು ಊರಿಗೆ ಹೊರಡುವ ಮಾತಾಡುತ್ತಿರುತ್ತಾರೆ. ಮೂರನೆಯ ರಾತ್ರಿಯ ಪಾಳಿಯಲ್ಲಿರುವವರು ಪ್ರತಿ ಸುತ್ತಿನಲ್ಲಿಯೂ ಹಾಸಿಗೆಯ ಬಳಿ ನಿಂತು, ‘ಕಾಕಾ, ದಿಂಬಿನಿಂದ ತಲಿ ಎತ್ತಿ ಹಿಡೀರಿ’ ಎಂದು ಕೇಳಬೇಕು. ತಲೆ ಮೇಲೇಳದಿದ್ದರೆ ಅಥವಾ ಎದ್ದು ಕೂಡಲೇ ಬಿದ್ದರೆ, ಆಮ್ಲಜನಕದ ಮಟ್ಟ ಇಳಿಯುವವರೆಗೆ ಕಾಯದೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ, ವೆಂಟಿಲೇಟರ್ ಸಿದ್ಧಮಾಡಿಸಬೇಕು.