ಹುಟ್ಟಿದ ತಿಂಗಳು, ಹದಿಮೂರರ ಕಾಲು

ಹನ್ನೆರಡು ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ತಂಡಗಳ ಪಟ್ಟಿಗಳನ್ನು ನೂರಾರು ಕ್ಲಬ್‌ಗಳಿಂದ ತರಿಸಿಕೊಂಡು, ಆಟಗಾರರ ಹೆಸರುಗಳನ್ನು ಬದಿಗಿಟ್ಟು, ಅವರು ಹುಟ್ಟಿದ ತಿಂಗಳುಗಳನ್ನಷ್ಟೇ ಎಣಿಸುತ್ತ ಹೋದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುವ ದೇಶಗಳಲ್ಲಿ, ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದ ಮಕ್ಕಳು ಆಯ್ಕೆಯಾದ ತಂಡಗಳ ತುಂಬ ಇರುತ್ತಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದವರನ್ನು ಹುಡುಕಬೇಕಾಗುತ್ತದೆ.

ಈ ಮಾತನ್ನು ಹೇಳಿದಾಗಲೆಲ್ಲ ಜಾತಕದಲ್ಲಿ ನಂಬಿಕೆಯಿರುವ ಯಾರಾದರೊಬ್ಬರು, ‘ನಾವು ಹೇಳುತ್ತಿದ್ದದ್ದೂ ಅದನ್ನೇ ಅಲ್ಲವೇ?’ ಎಂದು ಕೇಳುವುದುಂಟು. ಕುಜ ಬಲವಾಗಿರುವ ಮಗು ಕ್ರೀಡೆಯಲ್ಲಿ ಮುಂದೆ ಬರುತ್ತದೆಂದು ನಂಬಿ ಜಾತಕ ತೋರಿಸುವ ತಂದೆತಾಯಿಯರಿದ್ದಾರೆ. ಬೆರಳಚ್ಚಿನ ಗೆರೆಗಳನ್ನು ಯಂತ್ರದಲ್ಲಿ ಓದಿಸಿ ಮಗುವಿನ ‘ಹುಟ್ಟು ಪ್ರತಿಭೆ’ಯನ್ನು ತಿಳಿಯಲು ಹಣ ತೆರುವವರೂ ಇದ್ದಾರೆ. ತಾಯಿಯ ಗರ್ಭದಲ್ಲಿರುವಾಗಲೇ ಮೂಡಿ, ಆಮೇಲೆ ಬದಲಾಗದೆ ಉಳಿಯುವ ಆ ಗೆರೆಗಳಿಗೂ ಚೆಂಡನ್ನು ನಿಯಂತ್ರಿಸುವ ಕಾಲಿಗೂ ಸಂಬಂಧವಿದೆಯೆನ್ನಲು ಯಾವ ಆಧಾರವೂ ಇಲ್ಲ. ಹುಟ್ಟಿದ ತಿಂಗಳಿಗೂ ತಂಡದ ಆಯ್ಕೆಗೂ ಇರುವ ಸಂಬಂಧವಾದರೋ ನಿಜವಾದದ್ದು. ಆದರೆ ಅದರ ಮೂಲ ಆಕಾಶದಲ್ಲಿಲ್ಲವೆಂಬುದನ್ನು ತೋರಿಸಿಕೊಟ್ಟ ಪುರಾವೆ ನನಗೆ ವಿಜ್ಞಾನದ ಅತ್ಯಂತ ಸುಂದರ ಪುರಾವೆಗಳಲ್ಲೊಂದಾಗಿ ತೋರುತ್ತದೆ.

ಈ ಸಂಗತಿಯನ್ನು ಮೊದಲು ವ್ಯವಸ್ಥಿತವಾಗಿ ದಾಖಲಿಸಿದವರಲ್ಲಿ ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್‌ಸ್ಲಿ ಪ್ರಮುಖರು. ಐಸ್ ಹಾಕಿ ಪಂದ್ಯವೊಂದರಲ್ಲಿ ಆಟಗಾರರ ವಿವರಗಳಿದ್ದ ಪುಸ್ತಿಕೆಯನ್ನು ಓದುತ್ತಿದ್ದ ಅವರ ಪತ್ನಿ, ಇಷ್ಟೊಂದು ಹುಡುಗರು ವರ್ಷದ ಆರಂಭದಲ್ಲೇ ಹುಟ್ಟಿದ್ದಾರಲ್ಲ ಎಂದು ಗಮನಕ್ಕೆ ತಂದರು. 1985ರಲ್ಲಿ ಬಾರ್ನ್‌ಸ್ಲಿ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಆಮೇಲೆ ಬೆಲ್ಜಿಯಂನಲ್ಲಿ ಯಾರೂ ಯೋಜಿಸದ ಒಂದು ಪ್ರಯೋಗವೇ ನಡೆದುಹೋಯಿತು. ಅಲ್ಲಿ ಮಕ್ಕಳ ಫುಟ್‌ಬಾಲಿನ ವಯೋಮಿತಿಯ ಗಡಿ ಆಗಸ್ಟ್ 1 ಆಗಿತ್ತು, ಆಯ್ಕೆಯಾಗುತ್ತಿದ್ದವರಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹುಟ್ಟಿದವರೇ ಹೆಚ್ಚಿದ್ದರು. 1997ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಹೊಂದಿಸಲೆಂದು ಆ ಗಡಿಯನ್ನು ಜನವರಿ 1ಕ್ಕೆ ಬದಲಾಯಿಸಿದರು. ಒಂದೇ ವರ್ಷದೊಳಗೆ ಅನುಕೂಲವೂ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದ ಮಕ್ಕಳ ಕಡೆಗೆ ಸರಿಯಿತು. ಗ್ರಹಗಳು ತಮ್ಮ ಪಾಡಿಗೆ ಸುತ್ತುತ್ತಲೇ ಇದ್ದವು. ಬದಲಾದದ್ದು ಕಚೇರಿಯ ಕಡತದಲ್ಲಿದ್ದ ಒಂದು ದಿನಾಂಕ ಮಾತ್ರ. ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವ ಜಪಾನಿನಲ್ಲಿ ಅನುಕೂಲ ಏಪ್ರಿಲ್‌ನ ನಂತರ ಹುಟ್ಟಿದವರಿಗೆ, ಸೆಪ್ಟೆಂಬರ್ 1ರ ಗಡಿಯಿರುವ ಇಂಗ್ಲೆಂಡಿನಲ್ಲಿ ಶರತ್ಕಾಲದಲ್ಲಿ ಹುಟ್ಟಿದವರಿಗೆ.

ಕಾರಣ ಸರಳವಾದದ್ದು. ಜನವರಿಯಲ್ಲಿ ಹುಟ್ಟಿದ ಮಗುವೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಒಂದೇ ಗುಂಪಿನಲ್ಲಿ ಆಡುತ್ತವೆ. ಒಂಬತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳೆಂದರೆ ಬದುಕಿನ ಹತ್ತನೇ ಒಂದು ಪಾಲಿಗಿಂತಲೂ ಹೆಚ್ಚು. ಆ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಬೆಳೆಯುತ್ತಾರೆ. ಆ ಐದು ಸೆಂಟಿಮೀಟರನ್ನು ತರಬೇತುದಾರರ ಕಣ್ಣು ಪ್ರತಿಭೆಯೆಂದು ಓದಿಕೊಳ್ಳುತ್ತದೆ. ಆಯ್ಕೆಯಾದ ಮಗುವಿಗೆ ಹೆಚ್ಚು ಪಂದ್ಯ, ಹೆಚ್ಚು ಗಮನ, ಉತ್ತಮ ಜೊತೆಗಾರರು ಸಿಗುತ್ತಾರೆ. ಹೀಗಾಗಿ ಮೊದಲು ತಪ್ಪಾಗಿದ್ದ ಅಂದಾಜು ಎರಡು ವರ್ಷಗಳಲ್ಲಿ ನಿಜವೇ ಆಗಿಬಿಡುತ್ತದೆ. ಇಂಗ್ಲೆಂಡಿನ ಹ್ಯಾರಿ ಕೇನ್ ಹುಟ್ಟಿದ್ದು 1993ರ ಜುಲೈ 28ರಂದು, ಅಂದರೆ ಆ ದೇಶದ ಲೆಕ್ಕದಲ್ಲಿ ತನ್ನ ವಯೋವರ್ಗದ ಅತಿ ಕಿರಿಯರ ಸಾಲಿನಲ್ಲಿ. ಬಾಲ್ಯದಲ್ಲಿ ಅವರನ್ನು ಆರ್ಸೆನಲ್ ಕ್ಲಬ್ ಒಂದು ಋತುವಿನ ನಂತರ ಕೈಬಿಟ್ಟಿತ್ತು. 2023ರಲ್ಲಿ ಅವರು ತಮ್ಮ ದೇಶದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರರಾದರು. ಕೇನ್ ಹಿಂತಿರುಗಿ ಬಂದರು. ಬಾರದೆ ಹೋದವರ ಹೆಸರುಗಳು ನಮಗೆ ಸಿಗುವುದೇ ಇಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ.

ನಮ್ಮಲ್ಲಿ ಈ ಲೆಕ್ಕ ಇನ್ನೂ ಜಟಿಲವಾಗಿತ್ತು. ನಮ್ಮ ಹಿರಿಯರ ತಲೆಮಾರಿನಲ್ಲಿ ಎಷ್ಟೋ ಜನರ ದಾಖಲೆಯಲ್ಲಿ ಜನ್ಮದಿನ ಜೂನ್ 1 ಎಂದಿರುವುದು, ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದರಿಂದ. ಇಂದು ಜನನ ಪ್ರಮಾಣಪತ್ರಗಳು ಸರಿಯಾಗಿರುವಲ್ಲಿಯೂ, ಹುಟ್ಟಿದ ದಿನ ಹೇಳುವುದು ಮಗುವಿನ ವಯಸ್ಸನ್ನೇ ಹೊರತು ಮೈಯ ಮಾಗುವಿಕೆಯನ್ನಲ್ಲ. ಇವೆರಡೂ ಬೇರೆ ಬೇರೆ. ಚಿಕ್ಕ ಮಕ್ಕಳ ಗುಂಪಿನಲ್ಲಿ ತಿಂಗಳುಗಳ ಅಂತರ ತೊಂದರೆ ಮಾಡಿದರೆ, ಹದಿಮೂರರ ಸುಮಾರಿಗೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಅಂತರ ತೆರೆದುಕೊಳ್ಳುತ್ತದೆ.

ಅದನ್ನು ಮೊದಲು ಅಂಕಿಗಳಲ್ಲಿ ಹಿಡಿದವನು ಫ್ರಾನ್ಸಿನ ಒಬ್ಬ ತಂದೆ. ಗೆನೋ ದ ಮಾಂಬೆಯಾರ್ ಎಂಬಾತ 1759ರಲ್ಲಿ ಹುಟ್ಟಿದ ತನ್ನ ಮಗನನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆಯುತ್ತ 1777ರವರೆಗೆ ಲೆಕ್ಕ ಇಟ್ಟ. ಪ್ರಕೃತಿ ವಿಜ್ಞಾನಿ ಬಫನ್ ಅದನ್ನು ಪ್ರಕಟಿಸಿದ. ಎತ್ತರವನ್ನು ಬಿಟ್ಟು ಬೆಳೆಯುವ ವೇಗವನ್ನು ಆ ಅಂಕಿಗಳಿಂದ ತೆಗೆದು ನೋಡಿದರೆ, ಹುಟ್ಟಿದಂದಿನಿಂದ ಇಳಿಯುತ್ತಲೇ ಬಂದ ವೇಗ ಹದಿನಾಲ್ಕರ ಆಸುಪಾಸಿನಲ್ಲಿ ಥಟ್ಟನೆ ಏರಿ, ಮತ್ತೆ ಇಳಿಯುವುದು ಕಾಣುತ್ತದೆ. ಇಂದು ನಮಗೆ ತಿಳಿದಿರುವಂತೆ ಈ ಏರಿಕೆಯ ತುದಿ ಹುಡುಗಿಯರಲ್ಲಿ ಸರಾಸರಿ ಹನ್ನೆರಡರ ಹೊತ್ತಿಗೆ, ಹುಡುಗರಲ್ಲಿ ಹದಿನಾಲ್ಕರ ಹೊತ್ತಿಗೆ ಬರುತ್ತದೆ. ಆದರೆ ಒಬ್ಬನಿಗೆ ಹನ್ನೆರಡಕ್ಕೇ ಬಂದರೆ ಇನ್ನೊಬ್ಬನಿಗೆ ಹದಿನಾರಕ್ಕೆ ಬರಬಹುದು, ಇಬ್ಬರೂ ಪೂರ್ತಿ ಆರೋಗ್ಯವಂತರೇ. ವಯಸ್ಸಿನ ವಂಚನೆ ಹಿಡಿಯಲೆಂದು ಮಣಿಕಟ್ಟಿನ ಎಕ್ಸ್-ರೇ ತೆಗೆಸುವವರು ಈ ಮಾತನ್ನು ಮರೆಯಬಾರದು: ಆ ಚಿತ್ರ ತೋರಿಸುವುದು ಮೂಳೆ ಎಷ್ಟು ಮಾಗಿದೆ ಎಂಬುದನ್ನು.

ಈ ಏರಿಕೆಯ ತಿಂಗಳುಗಳಲ್ಲಿ ಮೈದಾನದಲ್ಲಿ ನಡೆಯುವುದನ್ನು ಪ್ರತಿಯೊಬ್ಬ ತರಬೇತುದಾರರೂ ಕಂಡಿರುತ್ತಾರೆ. ಮೊನ್ನೆಯವರೆಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದ ಹುಡುಗ ಎಡವುತ್ತಾನೆ, ಹತ್ತು ಅಡಿಯ ಪಾಸ್ ಕೂಡ ತಪ್ಪುತ್ತದೆ. ಮನೆಯವರು ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನೀವಾಳಿಸುತ್ತಾರೆ, ಕ್ಲಬ್ಬಿನವರು ಮೊಬೈಲ್ ಚಟವೆಂದು ಗದರುತ್ತಾರೆ. ನಿಜಕ್ಕೂ ಆಗಿರುವುದೇನು?

ಒನಕೆಯನ್ನು ನಡುವೆ ಹಿಡಿದು ಆಡಿಸಿ ನೋಡಿ, ಆಮೇಲೆ ಅದೇ ಒನಕೆಯನ್ನು ತುದಿಯಲ್ಲಿ ಹಿಡಿದು ಬೀಸಿ ನೋಡಿ. ತೂಕ ಎರಡು ಸಲವೂ ಒಂದೇ, ಆದರೆ ತೋಳಿಗೆ ಅದು ಬೇರೆಯೇ ವಸ್ತುವಾಗಿ ತೋರುತ್ತದೆ. ತಿರುಗುವ ವಸ್ತು ಒಡ್ಡುವ ಪ್ರತಿರೋಧ, ಅದರ ತೂಕ ತಿರುಗುಬಿಂದುವಿನಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹುಡುಗನ ಕಾಲು ಹತ್ತನೇ ಒಂದು ಭಾಗದಷ್ಟು ಉದ್ದವಾಯಿತೆಂದುಕೊಳ್ಳೋಣ. ತೂಕ ಒಂದಿಷ್ಟೂ ಹೆಚ್ಚದಿದ್ದರೂ, ಸೊಂಟದ ಕೀಲಿನಿಂದ ಅದನ್ನು ಬೀಸಲು ಎದುರಾಗುವ ಪ್ರತಿರೋಧ ಶೇಕಡ 21ರಷ್ಟು ಏರುತ್ತದೆ. ದಪ್ಪವೂ ಅದೇ ಪ್ರಮಾಣದಲ್ಲಿ ಬೆಳೆದರೆ 1.1 ಅನ್ನು ಐದು ಬಾರಿ ಗುಣಿಸಬೇಕು (ಉದ್ದ, ಅಗಲ, ದಪ್ಪಗಳಿಂದ ಏರುವ ತೂಕಕ್ಕೆ ಮೂರು ಬಾರಿ, ದೂರದ ವರ್ಗಕ್ಕೆ ಎರಡು ಬಾರಿ), ಏರಿಕೆ ಶೇಕಡ 61 ಆಗುತ್ತದೆ. ಸ್ನಾಯುವಿನ ಬಲವಾದರೋ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಷ್ಟೇ ಹೆಚ್ಚುತ್ತದೆ, ಉದ್ದವಾದ ಸನ್ನೆಕೋಲಿನ ಅನುಕೂಲವನ್ನು ಸೇರಿಸಿಕೊಂಡರೂ ಅದು ಶೇಕಡ 33ನ್ನು ಮುಟ್ಟುತ್ತದೆ, ಅಷ್ಟೆ. ದೊಡ್ಡ ಪ್ರಾಣಿಗಳ ಮೂಳೆ ಏಕೆ ಅಷ್ಟು ದಪ್ಪವಾಗಿರಬೇಕೆಂದು 1638ರಲ್ಲಿ ಗೆಲಿಲಿಯೋ ವಿವರಿಸಿದ್ದು ಇದೇ ಜಾತಿಯ ಲೆಕ್ಕದಿಂದ. ಅದು ನಮ್ಮ ಬಡಾವಣೆಯ ಹುಡುಗನ ಕಾಲಿನಲ್ಲೂ ನಡೆಯುತ್ತಿರುತ್ತದೆ.

ಬಲದ ಕೊರತೆಯೊಂದೇ ಅಲ್ಲ. ಯಾವ ಸ್ನಾಯುವನ್ನು ಯಾವ ಕ್ಷಣದಲ್ಲಿ ಎಷ್ಟು ಎಳೆಯಬೇಕೆಂಬ ಲೆಕ್ಕವನ್ನು ಮಿದುಳು ಹಳೆಯ ಕಾಲಿನ ಅಳತೆಯಲ್ಲಿ ಕಲಿತಿದೆ. ವೀಣೆಯ ಮೆಟ್ಟಿಲುಗಳನ್ನು ರಾತ್ರೋರಾತ್ರಿ ಸರಿಸಿಟ್ಟರೆ, ಮರುದಿನ ಎಂಥ ವೈಣಿಕರ ಬೆರಳೂ ಅಪಸ್ವರವನ್ನೇ ಹೊರಡಿಸೀತು. ಹಳೆಯ ಮನೆಯ ಕತ್ತಲಲ್ಲಿ ನೇರವಾಗಿ ಸ್ವಿಚ್ಚಿಗೆ ಹೋಗುತ್ತಿದ್ದ ಕೈ ಹೊಸ ಮನೆಯಲ್ಲಿ ಗೋಡೆ ತಡವುತ್ತದೆ. ಕೌಶಲ ಹೋಗಿರುವುದಿಲ್ಲ, ಅಳತೆ ಬದಲಾಗಿರುತ್ತದೆ, ಅಷ್ಟೆ. ಮಿದುಳು ಹೊಸ ಅಳತೆಯನ್ನು ಕಲಿಯಲು ತಿಂಗಳುಗಳು ಬೇಕು.

ಇದೇ ಹೊತ್ತಿನಲ್ಲಿ ಮೊಣಕಾಲಿನ ಕೆಳಗೆ ನೋವು ಕಾಣಿಸಿಕೊಳ್ಳುವುದಿದೆ. ತೊಡೆಯ ಮುಂಭಾಗದ ಬಲವಾದ ಸ್ನಾಯು ಮಂಡಿಚಿಪ್ಪನ್ನು ದಾಟಿ ಮುಂಗಾಲ ಮೂಳೆಯ ಗುಬುಟೊಂದಕ್ಕೆ ಕಚ್ಚಿಕೊಂಡಿರುತ್ತದೆ, ಆ ಗುಬುಟು ಈ ವಯಸ್ಸಿನಲ್ಲಿ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಮೃದ್ವಸ್ಥಿಯ ಪದರವಿರುತ್ತದೆ. ಒಣಗದ ಗಾರೆಯಲ್ಲಿ ನೆಟ್ಟ ಗೂಟಕ್ಕೆ ಎತ್ತನ್ನು ಕಟ್ಟಿದರೆ ಗೂಟ ಅಲುಗದಿರುತ್ತದೆಯೇ? ಪ್ರತಿ ಜಿಗಿತವೂ ಪ್ರತಿ ಒದೆತವೂ ಆ ಹಗ್ಗವನ್ನು ಜಗ್ಗುತ್ತವೆ. 1903ರಲ್ಲಿ ಬಾಸ್ಟನ್ನಿನ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಶ್ಲಾಟರ್ ಎಂಬ ಇಬ್ಬರು ವೈದ್ಯರು ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಹಿಮ್ಮಡಿಯಲ್ಲಿಯೂ ಇಂಥದೇ ನೋವು ಬರುತ್ತದೆ. ಸಾಮಾನ್ಯವಾಗಿ ಬೆಳವಣಿಗೆ ಮುಗಿದಂತೆ ಇವು ತಾವಾಗಿ ಕಡಿಮೆಯಾಗುತ್ತವೆ, ಆದರೆ ನೋವಿನ ಮೇಲೆಯೇ ಓಡಿಸುವುದು ಗಟ್ಟಿತನ ಕಲಿಸುವ ದಾರಿ ಎಂಬ ನಂಬಿಕೆಯನ್ನು ನಾವು ಬಿಡಲೇಬೇಕು.

ಹಾಗಾದರೆ ಹೆಚ್ಚು ಹಣವಿಲ್ಲದ ಕ್ಲಬ್ ಏನು ಮಾಡಬಹುದು? ಮಾಂಬೆಯಾರ್ ಮಾಡಿದ್ದನ್ನೇ ಮಾಡಬಹುದು: ಗೋಡೆಯ ಮೇಲೊಂದು ಅಳತೆಪಟ್ಟಿ, ಮೂರು ತಿಂಗಳಿಗೊಮ್ಮೆ ನಿಂತ ಎತ್ತರ, ಕೂತ ಎತ್ತರ, ಒಂದು ನೋಟ್‌ಬುಕ್. ಶೂ ವರ್ಷ ತುಂಬುವ ಮೊದಲೇ ಬಿಗಿಯಾಯಿತೆಂದು ತಾಯಿ ಹೇಳಿದರೆ ಅದನ್ನೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೊದಲು ಬೆಳೆಯುವುದು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ವೇಗ ಏರಿದ ಹುಡುಗನಿಗೆ ಕೆಲವು ತಿಂಗಳು ಜಿಗಿತವನ್ನೂ ದೂರದ ಹೊಡೆತಗಳನ್ನೂ ಕಡಿಮೆ ಮಾಡಿ, ಚೆಂಡಿನ ಸಣ್ಣ ಅಭ್ಯಾಸಗಳನ್ನು ಹೆಚ್ಚಿಸಬಹುದು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರೀಮಿಯರ್ ಲೀಗ್ ಅಕಾಡೆಮಿಗಳ ಜೊತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಯಸ್ಸಿನ ಬದಲು, ಬೆಳೆದು ನಿಂತಾಗ ಮುಟ್ಟಬಹುದಾದ ಎತ್ತರದ ಶೇಕಡ 85ರಿಂದ 90ರಷ್ಟನ್ನು ಮುಟ್ಟಿದ ಹುಡುಗರನ್ನು ಒಂದೇ ಗುಂಪು ಮಾಡಿ ಆಡಿಸಿದರು. ತಡವಾಗಿ ಬೆಳೆಯುವವರಿಗೆ ಆಟವನ್ನು ಮುನ್ನಡೆಸುವ ಅವಕಾಶ ಸಿಕ್ಕಿತು. ಮೈಬಲದಿಂದಲೇ ಗೆಲ್ಲುತ್ತಿದ್ದವರು ಪಾಸ್ ಮತ್ತು ಯೋಚನೆಯನ್ನು ನೆಚ್ಚಿಕೊಳ್ಳಬೇಕಾಯಿತು. ನಮ್ಮ ಗಲ್ಲಿಗಳಲ್ಲಿ ಆಡುವ ಮಕ್ಕಳು ವಯಸ್ಸು ಕೇಳದೆ ತಂಡ ಕಟ್ಟಿಕೊಳ್ಳುವಾಗ ಇದು ಅರ್ಧ ತಾನಾಗಿಯೇ ನಡೆಯುತ್ತದೆ. ಪೆಲೆಯ ಪ್ರತಿಮೆಯಿರುವ ಬೆಂಗಳೂರಿನ ಗೌತಮಪುರದಂಥ ಕಡೆ ಆ ಆಟವನ್ನು ನೋಡುತ್ತ ನಿಂತರೆ ಕ್ಲಬ್ಬಿನವರು ಕಲಿಯುವುದು ಬಹಳಷ್ಟಿದೆ.

ಆಯ್ಕೆಯ ದಿನಕ್ಕೆ ಮಾತ್ರ ನೆದರ್ಲೆಂಡ್ಸ್‌ನಿಂದ ಬಂದ ಒಂದು ಉಪಾಯವನ್ನು ಎಲ್ಲ ಕ್ಲಬ್ಬುಗಳಿಗೂ ಹೇಳಬೇಕೆನಿಸುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅನುಭವಿ ಆಯ್ಕೆಗಾರರಿಗೆ ಮಕ್ಕಳ ಪಂದ್ಯವನ್ನು ತೋರಿಸಿದರು. ಜನ್ಮದಿನಾಂಕಗಳ ಪಟ್ಟಿಯನ್ನು ಕೈಗೆ ಕೊಟ್ಟಾಗಲೂ ಅವರು ದೊಡ್ಡವರನ್ನೇ ಮೇಲೆ ಇಟ್ಟರು. ಆದರೆ ಮಕ್ಕಳ ಅಂಗಿಯ ಸಂಖ್ಯೆಗಳನ್ನು ವಯಸ್ಸಿನ ಕ್ರಮದಲ್ಲಿ ಕೊಟ್ಟು ಅದನ್ನು ಆಯ್ಕೆಗಾರರಿಗೆ ತಿಳಿಸಿದಾಗ ಆ ಪಕ್ಷಪಾತ ಇಲ್ಲವಾಯಿತು. ಮುಂದಿನ ಆಯ್ಕೆಯ ಭಾನುವಾರ ಹಿರಿಯ ಮಗುವಿನಿಂದ ಕಿರಿಯ ಮಗುವಿನವರೆಗೆ ಕ್ರಮವಾಗಿ ಸಂಖ್ಯೆ ಹಂಚಲು ಬೇಕಾಗುವುದು ಜನ್ಮದಿನಾಂಕಗಳ ಒಂದು ಪಟ್ಟಿ ಮತ್ತು ಹತ್ತು ನಿಮಿಷ.