ಹುಳುಮನೆಯ ಮಕ್ಕಳು ಮತ್ತು 'ಬರಲ್ಲ' ಎನ್ನುವ ತಾಲೀಮು

ಶಿಡ್ಲಘಟ್ಟದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿದೆ: "ರೇಷ್ಮೆ ಹುಳಕ್ಕೆ ಗಂಟುರೋಗ ಇದೆಯೋ ಇಲ್ಲವೋ ಅಂತ ನೋಡಿದ ಕೂಡಲೇ ಗೊತ್ತಾಗುತ್ತಾ?" ಅರ್ಧ ತರಗತಿ ನಕ್ಕಿತು. ಹುಳ ಸಾಕುವ ಮನೆಯ ಮಕ್ಕಳನ್ನು ಕೇಳುವ ಪ್ರಶ್ನೆಯೇ ಇದು? "ತಾಯಿಚಿಟ್ಟೇನ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತಾರೆ ಮಿಸ್. ರೋಗ ಇಲ್ಲ ಅಂದ್ರೇನೇ ಮೊಟ್ಟೆ ಕೊಡೋದು" ಎಂದ ಹಿಂದಿನ ಬೆಂಚಿನ ಹುಡುಗ.

ಲೂಯಿ ಪಾಸ್ಚರ್ 1860ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಅದು. ಎಚ್‌ಐವಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ರೋಗದ ವಿರುದ್ಧ ಕಾಯುವ ರಕ್ತದ ಸಿಡಿ4 ಬಿಳಿಕಣಗಳೊಳಗೆ ಹೊಕ್ಕು ಅವನ್ನೇ ಕೊಲ್ಲುತ್ತಾ ಬರುವ ಈ ವೈರಸ್ಸು, ಚಿಕಿತ್ಸೆ ಇಲ್ಲದಿದ್ದರೂ ಎಷ್ಟೋ ವರ್ಷ ಹೊರಗೆ ಏನನ್ನೂ ತೋರಿಸದೆ ಇರಬಲ್ಲದು. 'ನೋಡೋಕೆ ಚೆನ್ನಾಗೇ ಇದ್ದಾನಲ್ಲ' ಎಂಬ ಮಾತಿಗೆ ಅರ್ಥವೇ ಇಲ್ಲ, ಪರೀಕ್ಷೆಯೇ ಆಗಬೇಕು. ಅದೂ ಸೋಂಕು ತಗುಲಿದ ಮಾರನೇ ದಿನವೇ ತೋರಿಸುವುದಿಲ್ಲ. ಪ್ರತಿಕಾಯ ಕಾಣಿಸಿಕೊಳ್ಳಲು ಕೆಲವು ವಾರ ಬೇಕು, ಕೆಲವರಲ್ಲಿ ಮೂರು ತಿಂಗಳಾದರೂ ಆದೀತು.

ಸೋಂಕು ಹರಡುವ ನಾಲ್ಕು ದಾರಿಗಳನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸಿದರು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ. ಆದರೆ ಅಂಕ ಬಂದ ಮಾತ್ರಕ್ಕೆ ನಡವಳಿಕೆ ಬದಲಾಗುವುದಿಲ್ಲ. ಕೀನ್ಯಾದಲ್ಲಿ ಪಾಸ್ಕಲೀನ್ ದ್ಯುಪಾ ಎಂಬ ಅರ್ಥಶಾಸ್ತ್ರಜ್ಞೆ ಇದನ್ನೇ ಅಳೆದು ನೋಡಿದರು. 'ಮದುವೆವರೆಗೂ ದೂರವಿರಿ' ಎನ್ನುವ ಸರ್ಕಾರಿ ಪಾಠದಿಂದ ಅಸುರಕ್ಷಿತ ಸಂಬಂಧದ ಗುರುತಾದ ಹದಿಹರೆಯದ ಗರ್ಭಧಾರಣೆ ತಗ್ಗಲಿಲ್ಲ. ವಯಸ್ಸಾದ ಗಂಡಸರಲ್ಲಿ ಸೋಂಕು ಎಷ್ಟು ಹೆಚ್ಚು ಎಂದು ಅಲ್ಲಿನ ಅಂಕಿಗಳನ್ನೇ ಮುಂದಿಟ್ಟು ವಿವರಿಸಿದ ಶಾಲೆಗಳಲ್ಲಿ ಅದು 28% ಇಳಿಯಿತು. ಆ ಅಂಕಿಗಳನ್ನು ಇಲ್ಲಿಗೆ ತಂದು ಹಚ್ಚಲಾಗದು. ಆದರೆ ಉಡುಗೊರೆ ಕೊಡಿಸುವ 'ಅಣ್ಣ'ಂದಿರು ನಮ್ಮ ಕಡೆಯೂ ಇದ್ದಾರೆ.

ಅದಕ್ಕೇ ಆ ದಿನ ನಾಟಕ ಆಡಿಸಿದೆ. ಒಬ್ಬಳು 'ಅಣ್ಣ' ಆದಳು: ಮೊಬೈಲ್ ಕೊಡಿಸಿದ್ದಾನೆ, ಈಗ ಬೈಕ್ ಹತ್ತು, ನಂದಿ ಬೆಟ್ಟಕ್ಕೆ ಹೋಗಿ ಬರೋಣ ಅಂತಿದ್ದಾನೆ. ಎದುರಿಗಿದ್ದವಳು ಮೊದಲ ಸಲ ವೇಲ್ ತುದಿ ತಿರುಚುತ್ತಾ ಸುಮ್ಮನೆ ನಿಂತಳು. ಎರಡನೇ ಸಲ "ಮನೇಲಿ ಬೈತಾರೆ" ಅಂದಳು. 'ಅಣ್ಣ' ತಡಮಾಡಲಿಲ್ಲ: "ಮನೇಲಿ ಯಾಕೆ ಹೇಳ್ತೀಯ?" ಇಡೀ ತರಗತಿ ಗೊಳ್ಳೆಂದಿತು. ನೆಪ ಹೇಳಿದರೆ ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಮೂರನೇ ಸಲ ಅವಳು ತಲೆಯೆತ್ತಿ, "ಬರಲ್ಲ. ಮೊಬೈಲೂ ಬೇಡ, ತಗೊಳ್ಳಿ" ಎಂದಳು. ಕಾರಣ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಹುಡುಗರ ಸರದಿ ಬಂದಾಗ ನಗು ನಿಂತಿತು. 'ಗಂಡಸಾ ನೀನು?' ಎಂದು ಗೆಳೆಯರು ಚುಚ್ಚಿದಾಗ ಏನನ್ನುವುದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಂಡೋಮ್ ಎಂಬ ಪದ ಬಂದಾಗ ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಅವರನ್ನು ದೂರಿ ಫಲವಿಲ್ಲ. 2007ರಲ್ಲಿ, ಶಾಲೆಯಲ್ಲಿ ಲೈಂಗಿಕತೆ, ಎಚ್‌ಐವಿ ಕುರಿತು ಹೇಳಿಕೊಡುವ ಹದಿಹರೆಯದ ಶಿಕ್ಷಣಕ್ಕೆ ಬೇಡವೆಂದ ರಾಜ್ಯಗಳ ಸಾಲಿನಲ್ಲಿ ನಮ್ಮದೂ ಇತ್ತು. ಇಂಥ ಪಾಠದಿಂದ ಮಕ್ಕಳು ಕೆಡುತ್ತಾರೆ ಎಂಬ ಹೆದರಿಕೆಗೆ ಸಂಶೋಧನೆಗಳಲ್ಲಿ ಆಧಾರವಿಲ್ಲ.

ಆದರೂ ಎಲ್ಲ ಭಾರವನ್ನು ಆ ಹುಡುಗಿಯ 'ಬರಲ್ಲ'ದ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. 18 ತುಂಬದವರ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇದೆ, 1098 ಮಕ್ಕಳ ಸಹಾಯವಾಣಿ ಇದೆ. ಬಲವಂತ ನಡೆದೇ ಹೋದರೆ 72 ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ಶುರುಮಾಡಿ 28 ದಿನ ನುಂಗಬೇಕಾದ, ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆಗಳಿವೆ. ಇದನ್ನು ಹೇಳಿ ಬೋರ್ಡ್ ಒರೆಸುತ್ತಿದ್ದೆ. ಅಷ್ಟು ಹೊತ್ತೂ ಬಾಯಿ ಬಿಡದ ಒಬ್ಬಳು ಕೈಯೆತ್ತಿದಳು.

"ಮಿಸ್, 72 ಗಂಟೆ ಅಂದ್ರೆ ಭಾನುವಾರಾನೂ ಸೇರುತ್ತಾ?"

ಸೇರುತ್ತೆ ಎಂದೆ. ಅವತ್ತು ಓಪಿಡಿ ಮುಚ್ಚಿದ್ದರೂ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು ಎಂದು ಒರೆಸಿದ ಬೋರ್ಡಿನ ಮೇಲೆ ಮತ್ತೆ ಬರೆದೆ.