ಅರ್ಧ ಸಿಕ್ಕ ಹೆಡರ್

ಕಳೆದ ತಿಂಗಳು ನಮ್ಮ ತಂಡದ ಕಿರಿಯ ಎಂಜಿನಿಯರ್ ಒಬ್ಬರು ಲ್ಯಾಪ್‌ಟಾಪನ್ನು ತೆರೆದ ಹಾಗೆಯೇ ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. "ಸರ್, ಓಪನ್‌ಎಸ್‌ಎಸ್‌ಎಲ್ ಹಾಕಿದ್ದೇನೆ, ನೀವೇ ನೋಡಿ. ಆದರೂ ಇಲ್ಲ ಎನ್ನುತ್ತಿದೆ." ಓಪನ್‌ಎಸ್‌ಎಸ್‌ಎಲ್ ಎಂದರೆ ಗೂಢಲಿಪೀಕರಣದ ಲೈಬ್ರರಿ, ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಅದನ್ನು ಹಾಕಿದ್ದು ನಿಜವಾಗಿತ್ತು. ಇಲ್ಲ ಎಂದದ್ದೂ ನಿಜವೇ.

ಕೆಲಸ ಇಷ್ಟೇ: 64 ಬಿಟ್‌ನ ಆರ್ಮ್ ಬೋರ್ಡಿನ ಮೇಲೆ ಓಡಬೇಕಾದ ಒಂದು ಸಿ ಪ್ರೋಗ್ರಾಮನ್ನು ಇಂಟೆಲ್ ಲ್ಯಾಪ್‌ಟಾಪಿನ ಡಾಕರ್ ಕಂಟೇನರ್ (ಪ್ರತ್ಯೇಕವಾಗಿಟ್ಟ ಪುಟ್ಟ ಲಿನಕ್ಸ್ ಪರಿಸರ) ಒಳಗೆ ಕಂಪೈಲ್ ಮಾಡುವುದು. ಎರಡೂ ಕಡೆ ಡೆಬಿಯನ್ 12 ಎಂಬ ಲಿನಕ್ಸ್. ಒಂದು ಜಾತಿಯ ಪ್ರೊಸೆಸರ್ ಮೇಲೆ ಕುಳಿತು ಇನ್ನೊಂದು ಜಾತಿಗೆ ಪ್ರೋಗ್ರಾಂ ಕಟ್ಟುವ ಕ್ರಾಸ್ ಕಂಪೈಲರ್ ಒಂದೇ ಸಾಲಿನ ಆಜ್ಞೆಗೆ ಬಂದು ಕೂರುತ್ತದೆ. ನಮಸ್ಕಾರ ಹೇಳುವ ಪುಟ್ಟ ಪ್ರೋಗ್ರಾಂ ಬೋರ್ಡಿನ ಮೇಲೆ ಓಡಿಯೂ ಬಿಡುತ್ತದೆ. ಅಷ್ಟಕ್ಕೇ ಗೆದ್ದೆವು ಅಂದುಕೊಳ್ಳುತ್ತೇವೆ. ಹೊರಗಿನ ಲೈಬ್ರರಿಯೊಂದನ್ನು ಸೇರಿಸಿಕೊಂಡ ದಿನ ನಿಜವಾದ ಕೆಲಸ ಶುರುವಾಗುತ್ತದೆ.

ಪರದೆಯ ಮೇಲಿದ್ದ ದೂರನ್ನು ಇನ್ನೊಮ್ಮೆ ಓದಿದೆ. ಹೆಡರ್ ಎಂದರೆ ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಕಡತ. ಸಿಗದೆ ಹೋದದ್ದು ಎಸ್‌ಎಸ್‌ಎಲ್ ಡಾಟ್ ಎಚ್ ಎಂಬ ಹೆಡರ್ ಅಲ್ಲ. ಅದು ಸಿಕ್ಕಿತ್ತು. ಅದು ಒಳಗೊಳಗೇ ಕರೆಯುವ ಓಪನ್‌ಎಸ್‌ಎಸ್‌ಎಲ್‌ಕಾನ್ಫ್ ಡಾಟ್ ಎಚ್ ಎಂಬ ಇನ್ನೊಂದು ಹೆಡರ್ ಸಿಕ್ಕಿರಲಿಲ್ಲ. ಒಂದೇ ಪ್ಯಾಕೇಜಿನಿಂದ ಬಂದ ಎರಡು ಕಡತಗಳಲ್ಲಿ ಒಂದು ಕಾಣುತ್ತದೆ, ಒಂದು ಕಾಣುವುದಿಲ್ಲ ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. ಆದರೆ ಇಡೀ ವ್ಯವಸ್ಥೆಯ ಗುಟ್ಟು ಇರುವುದೇ ಇಲ್ಲಿ.

ಡೆಬಿಯನ್‌ನಲ್ಲಿ ಎಲ್ಲ ಪ್ರೊಸೆಸರ್‌ಗಳಿಗೂ ಒಂದೇ ಆಗಿರುವ ಹೆಡರ್‌ಗಳು ಇನ್‌ಕ್ಲೂಡ್ ಎಂಬ ಸಾಮಾನ್ಯ ಫೋಲ್ಡರಿನಲ್ಲಿರುತ್ತವೆ. ಪ್ರೊಸೆಸರ್‌ಗೆ ತಕ್ಕಂತೆ ಬದಲಾಗುವ ಹೆಡರ್‌ಗಳು ಅದರೊಳಗೆ ಆಯಾ ಪ್ರೊಸೆಸರ್ ಹೆಸರಿನ ಉಪಫೋಲ್ಡರಿಗೆ ಹೋಗುತ್ತವೆ: ಇಂಟೆಲ್‌ನದು ಬೇರೆ, ಆರ್ಮ್‌ನದು ಬೇರೆ. ಲೈಬ್ರರಿಗಳಿಗೂ ಇದೇ ಪಂಕ್ತಿಭೇದ. ಒಂದೇ ಲೈಬ್ರರಿಯ ಎರಡು ಜಾತಿಯ ಪ್ರತಿಗಳು ಒಂದರ ಮೇಲೊಂದು ಬೀಳದೆ ಒಂದೇ ವ್ಯವಸ್ಥೆಯಲ್ಲಿರಲಿ ಎಂದು ಮಾಡಿಕೊಂಡ ಏರ್ಪಾಡು ಇದು. ಹೆಸರು ಮಲ್ಟಿಆರ್ಚ್. ಡೆಬಿಯನ್‌ಗೆ ಅಧಿಕೃತವಾಗಿ ಬಂದದ್ದು 2013ರಲ್ಲಿ, 7ನೇ ಆವೃತ್ತಿಯೊಂದಿಗೆ. ಕಿರಿಯರು ಪ್ಯಾಕೇಜಿನ ಹೆಸರನ್ನಷ್ಟೇ ಕೊಟ್ಟಿದ್ದರಿಂದ ಪ್ಯಾಕೇಜ್ ಇಳಿಸುವ ಸಾಧನವಾದ ಆಪ್ಟ್ ತನ್ನ ಯಂತ್ರದ್ದೇ, ಅಂದರೆ ಇಂಟೆಲ್‌ನ ಪ್ರತಿಯನ್ನು ಇಳಿಸಿತ್ತು. ಆರ್ಮ್ ಕಂಪೈಲರ್ ಹುಡುಕುವುದು ಸಾಮಾನ್ಯ ಫೋಲ್ಡರಿನಲ್ಲಿ ಮತ್ತು ಆರ್ಮ್‌ನ ಫೋಲ್ಡರಿನಲ್ಲಿ. ಇಂಟೆಲ್‌ನ ಮನೆಗೆ ಅದು ಕಾಲಿಡುವುದಿಲ್ಲ. ಹಾಗಾಗಿ ಹೆಡರ್ ಅರ್ಧ ಸಿಕ್ಕಿತು.

ಪರಿಹಾರ ಮೂರು ಹೆಜ್ಜೆಯದು. ಮೊದಲು ಡೆಬಿಯನ್‌ನ ಮೂಲ ಪ್ಯಾಕೇಜ್ ಸಾಧನವಾದ ಡಿಪಿಕೆಜಿಗೆ ಆರ್ಮ್64 ಎಂಬ ಇನ್ನೊಂದು ಆರ್ಕಿಟೆಕ್ಚರ್, ಅಂದರೆ ಪ್ರೊಸೆಸರ್ ಜಾತಿ, ಉಂಟು ಎಂದು ತಿಳಿಸಬೇಕು. ಆಮೇಲೆ ಆಪ್ಟ್ ಅಪ್‌ಡೇಟ್. ಇದನ್ನು ಮೊದಲೇ ಮಾಡಿದ್ದರೂ ಮತ್ತೆ ಮಾಡಬೇಕು, ಏಕೆಂದರೆ ಹೊಸ ಆರ್ಕಿಟೆಕ್ಚರಿನ ಪಟ್ಟಿ ಇನ್ನೂ ಇಳಿದಿರುವುದಿಲ್ಲ. ಕೊನೆಗೆ ಪ್ಯಾಕೇಜಿನ ಹೆಸರಿನ ನಂತರ ಕೋಲನ್ ಇಟ್ಟು ಆರ್ಮ್64 ಎಂದು ಬರೆದು ಇನ್‌ಸ್ಟಾಲ್ ಮಾಡುವುದು. ಕಂಟೇನರ್ ಕಟ್ಟುವ ಸೂಚನೆಗಳ ಕಡತವಾದ ಡಾಕರ್‌ಫೈಲ್‌ನಲ್ಲಿ ಅಪ್‌ಡೇಟ್ ಮತ್ತು ಇನ್‌ಸ್ಟಾಲ್ ಒಂದೇ ರನ್ ಸಾಲಿನಲ್ಲಿರಲಿ. ಬೇರೆ ಮಾಡಿದರೆ ಹಳೆಯ ಪದರದಲ್ಲಿ ಉಳಿದ ತಂಗಳು ಪಟ್ಟಿಯನ್ನು ನಂಬಿ ಹೊಸ ಪ್ಯಾಕೇಜ್ ಹುಡುಕುತ್ತದೆ.

ಹೆಸರಿನ ಗೊಂದಲವೊಂದಿದೆ. ಡೆಬಿಯನ್ ಮತ್ತು ಡಾಕರ್ ಆರ್ಮ್64 ಎನ್ನುತ್ತವೆ. ಕಂಪೈಲರ್ ಮತ್ತು ಫೋಲ್ಡರ್‌ಗಳು ಎ-ಆರ್ಚ್64 ಎನ್ನುತ್ತವೆ. ಮನೆಯಲ್ಲಿ ಪುಟ್ಟ, ಶಾಲೆಯ ಹಾಜರಿಯಲ್ಲಿ ಪುಟ್ಟಸ್ವಾಮಿ. ಇಬ್ಬರೂ ಒಬ್ಬನೇ ಎಂದು ಗೊತ್ತಿಲ್ಲದೆ ಅರ್ಧ ದಿನ ಕಳೆದವರನ್ನು ನಾನು ಬಲ್ಲೆ.

ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಕಂಟೇನರ್ ಬಳಸುವವರಿಗೆ ಇನ್ನೊಂದು ಗುಂಡಿ ಕಾದಿದೆ. ಅದರ 22.04 ಮತ್ತು 24.04 ಆವೃತ್ತಿಗಳಲ್ಲಿ ಇಂಟೆಲ್ ಪ್ಯಾಕೇಜುಗಳು ಇರುವ ಮುಖ್ಯ ಭಂಡಾರದಲ್ಲಿ ಆರ್ಮ್64 ಇರುವುದಿಲ್ಲ. ಅದು ಪೋರ್ಟ್ಸ್ ಎಂಬ ಬೇರೆ ವಿಳಾಸದಲ್ಲಿದೆ. ಆರ್ಕಿಟೆಕ್ಚರ್ ಸೇರಿಸಿ ಅಪ್‌ಡೇಟ್ ಕೊಟ್ಟ ಕೂಡಲೇ ಸಾಲುಸಾಲಾಗಿ 404, ಅಂದರೆ ಕಡತ ಸಿಗಲಿಲ್ಲ. ಹಳೆಯ ವಿಳಾಸಕ್ಕೆ ಎಎಂಡಿ64 (64 ಬಿಟ್ ಇಂಟೆಲ್‌ಗೆ ಇಲ್ಲಿರುವ ಹೆಸರು) ಮಾತ್ರ, ಪೋರ್ಟ್ಸ್ ವಿಳಾಸಕ್ಕೆ ಆರ್ಮ್64 ಮಾತ್ರ ಎಂದು ಮೂಲಗಳ ಪಟ್ಟಿಯಲ್ಲಿ ಬರೆದುಕೊಡಬೇಕು. ಡೆಬಿಯನ್‌ನಲ್ಲಿ ಈ ತಾಪತ್ರಯವಿಲ್ಲ, ಒಂದೇ ವಿಳಾಸ ಎರಡನ್ನೂ ಕೊಡುತ್ತದೆ. ಬಿಲ್ಡ್ ಕಂಟೇನರ್‌ಗೆ ನಾನು ಡೆಬಿಯನ್ ಹಿಡಿಯಲು ಅರ್ಧ ಕಾರಣ ಇದೇ.

ಎಲ್ಲ ಪ್ಯಾಕೇಜಿಗೂ ಕಣ್ಣುಮುಚ್ಚಿ ಆರ್ಮ್64 ಅಂಟಿಸುವುದೂ ತಪ್ಪು. ದತ್ತಾಂಶವನ್ನು ಕಟ್ಟಿ ಕಳಿಸಲು ಬಳಸುವ ಪ್ರೋಟೊಬಫ್ ತೆಗೆದುಕೊಳ್ಳಿ. ಅದರ ಲೈಬ್ರರಿ ಬೋರ್ಡಿನ ಮೇಲೆ ಓಡುತ್ತದೆ, ಹಾಗಾಗಿ ಆರ್ಮ್64 ಬೇಕು. ಅದರ ಕಂಪೈಲರ್ ಮಾತ್ರ ಬಿಲ್ಡ್ ಸಮಯದಲ್ಲಿ ಇಲ್ಲಿಯೇ, ಲ್ಯಾಪ್‌ಟಾಪಿನ ಪ್ರೊಸೆಸರ್ ಮೇಲೆ ಓಡಿ ಕೋಡ್ ಬರೆದುಕೊಡಬೇಕು, ಅದು ಎಎಂಡಿ64 ಆಗಿರಲೇಬೇಕು. ಪ್ರತಿ ಪ್ಯಾಕೇಜಿಗೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಓಡುವುದು ಎಲ್ಲಿ? ಎರಡೂ ಪ್ರತಿಗಳು ಜೊತೆಗಿರಲು ಒಪ್ಪದ ಪ್ಯಾಕೇಜುಗಳೂ ಇವೆ. ಅಂಥದರ ಆರ್ಮ್ ಪ್ರತಿ ಕೇಳಿದರೆ ಆಪ್ಟ್ ಇಂಟೆಲ್ ಪ್ರತಿಯನ್ನು, ಕೆಲವೊಮ್ಮೆ ಅದನ್ನು ನೆಚ್ಚಿಕೊಂಡ ಸಾಧನಗಳನ್ನೂ ಸೇರಿಸಿ ಕಿತ್ತುಹಾಕುತ್ತದೆ. ಹಾಗೆ ಮಾಡುತ್ತೇನೆ ಎಂದು ಲಾಗ್‌ನಲ್ಲಿ ಹೇಳಿಯೇ ಮಾಡುತ್ತದೆ, ಆದರೆ ಎಲ್ಲದಕ್ಕೂ ಹೌದು ಎಂಬ ಆಯ್ಕೆಯನ್ನು ನಾವೇ ಕೊಟ್ಟಿರುತ್ತೇವೆ. ಆ ಲಾಗ್ ಓದುವವರು ಯಾರು?

ಲೈಬ್ರರಿ ಎಲ್ಲಿದೆ ಎಂದು ಬಿಲ್ಡ್‌ಗೆ ಹೇಳಿಕೊಡುವ ಪಿಕೆಜಿ-ಕಾನ್ಫಿಗ್‌ಗೆ ಬಂದರೆ, ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚಿನದು ಒಂದೇ ಪದದ ತಪ್ಪು. ಆರ್ಮ್‌ನ ಫೋಲ್ಡರನ್ನು ಅದರ ಪಾತ್ ವೇರಿಯಬಲ್‌ಗೆ ಹಾಕುತ್ತಾರೆ. ಪಾತ್ ಎಂದರೆ ಮೊದಲು ಇಲ್ಲಿ ನೋಡು, ಸಿಗದಿದ್ದರೆ ನಿನ್ನ ಹಳೆಯ ಜಾಗದಲ್ಲಿ ನೋಡು ಎಂದರ್ಥ. ಆರ್ಮ್ ಪ್ರತಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ಇಂಟೆಲ್‌ನ ಮಾಹಿತಿಯನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹಾಕಬೇಕಾದದ್ದು ಲಿಬ್‌ಡಿರ್ ವೇರಿಯಬಲ್‌ಗೆ. ಅದು ಹಳೆಯ ಜಾಗವನ್ನೇ ಮರೆಸುತ್ತದೆ. ಇಲ್ಲದಿದ್ದರೆ ಇಲ್ಲ ಎಂದು ಅಲ್ಲಿಯೇ ನಿಲ್ಲುತ್ತದೆ. ಬೇಗ ಮುರಿದುಬೀಳುವ ಬಿಲ್ಡೇ ವಾಸಿ.

ಮತ್ತೆ ನಮ್ಮ ಕಿರಿಯರ ಕತೆಗೆ. ಆರ್ಮ್ ಪ್ರತಿ ಹಾಕಿದ ಮೇಲೆ ಹೆಡರ್ ದೂರು ಹೋಯಿತು, ಕೋಡನ್ನು ಲೈಬ್ರರಿಗಳಿಗೆ ಜೋಡಿಸುವ ಲಿಂಕರ್ ಬಾಯಿ ತೆರೆಯಿತು: ಇಂಟೆಲ್ ಫೋಲ್ಡರಿನ ಲಿಬ್‌ಎಸ್‌ಎಸ್‌ಎಲ್ ಹೊಂದುವುದಿಲ್ಲ, ಬಿಟ್ಟು ಮುಂದೆ ಹೋಗುತ್ತಿದ್ದೇನೆ ಎಂದು. ಇದು ದೋಷವಲ್ಲ, ವರದಿ ಮಾತ್ರ. ಲಿನಕ್ಸ್‌ನ ಪ್ರೋಗ್ರಾಂ, ಲೈಬ್ರರಿಗಳೆಲ್ಲ ಎಲ್ಫ್ ಎಂಬ ರೂಪದಲ್ಲಿರುತ್ತವೆ. ಪ್ರತಿ ಎಲ್ಫ್ ಕಡತದ ತಲೆಯಲ್ಲಿ, 18ನೇ ಬೈಟಿನಿಂದ, ಅದು ಯಾವ ಯಂತ್ರದ್ದು ಎಂಬ ಸಂಖ್ಯೆ ಇರುತ್ತದೆ: 64 ಬಿಟ್ ಇಂಟೆಲ್‌ಗೆ 62, 64 ಬಿಟ್ ಆರ್ಮ್‌ಗೆ 183. ಲಿಂಕರ್ 62 ಕಂಡು ಹಿಂದೆ ಸರಿದಿತ್ತು. ಕುತೂಹಲ ಇಂಟೆಲ್ ಫೋಲ್ಡರಿಗೆ ಅದು ಹೋದದ್ದಾದರೂ ಏಕೆ ಎನ್ನುವುದು. ಬಿಲ್ಡ್‌ನ ಸೂಚನೆಗಳಿರುವ ಮೇಕ್‌ಫೈಲ್ ತೆರೆದರೆ, ಎಂದೋ ಯಾರೋ ಆ ಹಾದಿಯನ್ನು ಕೈಯಾರೆ ಬರೆದಿಟ್ಟಿದ್ದರು. ಕಡತದ ಇತಿಹಾಸ ತೆಗೆದು ನೋಡಿದೆ. ಆ ಯಾರೋ ನಾನೇ. ಸಾಲನ್ನು ಅಳಿಸಿದೆವು, ಕಿರಿಯರು ಏನೂ ಹೇಳಲಿಲ್ಲ, ಅದು ಅವರ ದೊಡ್ಡತನ.

ಇಷ್ಟೆಲ್ಲ ಏಕೆ, ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಬಳಸಿ ಇಡೀ ಕಂಟೇನರನ್ನೇ ಆರ್ಮ್ ಎಂದು ನಟಿಸುವಂತೆ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಆಗುತ್ತದೆ, ಸಣ್ಣ ಯೋಜನೆಗೆ ನಾನೂ ಅದನ್ನೇ ಮಾಡುತ್ತೇನೆ. ದೊಡ್ಡ ಸಿ++ ಕೋಡ್ ಕೊಟ್ಟರೆ ಊಟ ಮುಗಿಸಿ ಬಂದರೂ ಅದು ತಿಣುಕುತ್ತಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಕ್ಯೂಎಮುವಿನ ನೋಂದಣಿ ಆಗುವುದು ಕಂಟೇನರಿನಲ್ಲಿ ಅಲ್ಲ, ಎಲ್ಲ ಕಂಟೇನರ್‌ಗಳೂ ಹಂಚಿಕೊಳ್ಳುವ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ. ಎಂದೋ ಒಮ್ಮೆ ನೋಂದಾಯಿಸಿದ ಲ್ಯಾಪ್‌ಟಾಪಿನಲ್ಲಿ ಆರ್ಮ್ ಪ್ರೋಗ್ರಾಂಗಳು ತಾವಾಗಿಯೇ ಓಡುತ್ತವೆ. ಬಿಲ್ಡ್‌ನ ನಡುವೆ ತಪ್ಪಾಗಿ ಆರ್ಮ್ ಸಾಧನವೊಂದನ್ನು ಕರೆದಿದ್ದರೂ ಗೊತ್ತಾಗುವುದಿಲ್ಲ. ಅದೇ ಡಾಕರ್‌ಫೈಲ್ ಸರ್ವರಿಗೆ ಹೋದಾಗ ಎಕ್ಸೆಕ್ ಫಾರ್ಮ್ಯಾಟ್ ಎರರ್. ನನ್ನ ಯಂತ್ರದಲ್ಲಿ ಓಡುತ್ತದಲ್ಲ ಎಂಬ ಹಳೆಯ ಮಾತಿಗೆ ಕಂಟೇನರ್ ಬಂದಮೇಲೂ ಸಾವಿಲ್ಲ.

ಸಂಜೆಯ ಹೊತ್ತಿಗೆ ಬಿಲ್ಡ್ ಮುಗಿಯಿತು. ಎಲ್ಫ್ ಕಡತದ ತಲೆಯನ್ನು ಓದಿ ತೋರಿಸುವ ರೀಡ್‌ಎಲ್ಫ್ ಕೊಟ್ಟು ನೋಡಿದರೆ ಎ-ಆರ್ಚ್64. ಬೋರ್ಡ್ ಮೇಲೆ ಓಡಿತು. ಆ ಖುಷಿಯಲ್ಲಿ ಕಿರಿಯರು ಮೇಜಿನ ಡ್ರಾಯರಿನಿಂದ ಹಳೆಯ ಮೊದಲ ಪೀಳಿಗೆಯ ರಾಸ್ಪ್‌ಬೆರಿ ಪೈ ಝೀರೋ ಬೋರ್ಡೊಂದನ್ನು ತೆಗೆದರು. "ಸರ್, ಇದಕ್ಕೂ ಇದೇ ಕಂಟೇನರಿನಲ್ಲಿ ಮಾಡಬಹುದಲ್ಲವೇ? ಆರ್ಮ್64 ಬದಲು ಆರ್ಮ್‌ಎಚ್‌ಎಫ್ ಎಂದು ಹಾಕಿದರೆ ಆಯಿತು."

ಆಗುವುದಿಲ್ಲ ಎಂದೆ. ಡೆಬಿಯನ್‌ನ ಆರ್ಮ್‌ಎಚ್‌ಎಫ್ ಎಂದರೆ 32 ಬಿಟ್‌ನ ಆರ್ಮ್ ವಿ7 ಮತ್ತು ಅದರ ಮೇಲಿನದು. ಈ ಝೀರೋದ ಒಳಗಿರುವುದು ವಿ6. ರಾಸ್ಪ್‌ಬೆರಿ ಪೈ ಓಎಸ್ ಕೂಡ ಆರ್ಮ್‌ಎಚ್‌ಎಫ್ ಎಂಬ ಹೆಸರನ್ನೇ ಬಳಸುತ್ತದೆ, ಆದರೆ ಅದರ ಪ್ಯಾಕೇಜುಗಳನ್ನು ವಿ6ಕ್ಕೆಂದೇ ಕಟ್ಟಿರುತ್ತಾರೆ. ಹೆಸರು ಒಂದೇ ಎಂದು ಡೆಬಿಯನ್‌ನ ಲೈಬ್ರರಿ ಸೇರಿಸಿದರೆ ಕಂಪೈಲ್ ಆಗುತ್ತದೆ, ಲಿಂಕ್ ಆಗುತ್ತದೆ, ರೀಡ್‌ಎಲ್ಫ್ ಕೂಡ ಆರ್ಮ್ ಎಂದೇ ಹೇಳುತ್ತದೆ. ಬೋರ್ಡ್ ಮೇಲೆ ಮಾತ್ರ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಎಂದು ಕುಸಿದು ಬೀಳುತ್ತದೆ. ಅದಕ್ಕೆ ಆ ಬೋರ್ಡಿನ ಭಂಡಾರದಿಂದಲೇ ಲೈಬ್ರರಿಗಳನ್ನು ತಂದು ಬೇರೆ ಸಿಸ್‌ರೂಟ್ (ಆ ಬೋರ್ಡಿನ ಹೆಡರ್, ಲೈಬ್ರರಿಗಳ ಫೋಲ್ಡರ್) ಕಟ್ಟಬೇಕು, ಕಂಪೈಲರ್‌ಗೂ ವಿ6 ಎಂದು ಹೇಳಬೇಕು.

ಅವರು ಗಡಿಯಾರ ನೋಡಿದರು, ಝೀರೋವನ್ನು ಮತ್ತೆ ಡ್ರಾಯರಿನೊಳಗಿಟ್ಟರು.